ತುಂಟತನದ ಹಕ್ಕು

ಬೀಳಗಿಯ ಇಬ್ಬರು ಅಕ್ಕ-ತಂಗಿಯರು ಮುಂಬೈಗೆ ಹೋಗಿ ಹೆಸರು ಮಾಡಿದರು. ತಂಗಿ ಅಮೀರ್‌ಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದರು. ಮುಂದೆ ವಿಜಯಪುರದಲ್ಲಿ ತಮ್ಮ ಹೆಸರಿನ ಟಾಕೀಸನ್ನೂ ಕಟ್ಟಿಸಿದರು. ಅವರ ಬದುಕಿನ ಬಗ್ಗೆ ರಹಮತ್ ತರೀಕೆರೆ ಕನ್ನಡದಲ್ಲಿ ಪುಸ್ತಕ ಬರೆದಿದ್ದಾರೆ. ಅಕ್ಕ ಗೋಹರ್‌ಬಾಯಿಗೆ ಆ ಅದೃಷ್ಟ ಇರಲಿಲ್ಲ. ಮರಾಠಿ ರಂಗಭೂಮಿಯ ಹಳೆಯ ಅಭಿಮಾನಿಗಳ ಬಾಯಲ್ಲಿ ಅವರು ಉಳಿದಿರುವುದು ಹೆಚ್ಚಾಗಿ ಒಂದೇ ಮಾತಾಗಿ: ಬಾಲಗಂಧರ್ವರನ್ನು ಹಾಳು ಮಾಡಿದಾಕೆ.

ಬಾಲಗಂಧರ್ವ ಎಂದರೆ ನಾರಾಯಣ ಶ್ರೀಪಾದ ರಾಜಹಂಸ, 1888ರಿಂದ 1967ರವರೆಗೆ ಬದುಕಿದವರು, ಸೀರೆ ಉಟ್ಟೇ ದೊಡ್ಡವರಾದವರು. ‘ಮಾನಾಪಮಾನ’ದ ಭಾಮಿನಿ, ‘ಸ್ವಯಂವರ’ದ ರುಕ್ಮಿಣಿ, ‘ಏಕಚ್ ಪ್ಯಾಲಾ’ದ ಸಿಂಧು. ಈ ಪಾತ್ರಗಳಲ್ಲಿ ಅವರು ಉಟ್ಟ ಸೀರೆ, ಮುಡಿದ ಹೂವು, ತೊಟ್ಟ ಒಡವೆಗಳನ್ನು ಪುಣೆ-ಮುಂಬೈಯ ಗರತಿಯರು ನೋಡಿಕೊಂಡು ಬಂದು ಮನೆಯಲ್ಲಿ ಹಾಗೆಯೇ ಮಾಡುತ್ತಿದ್ದರು. ಅವರ ನಾಟಕ ಕಂಪನಿ ಸಾಲದಲ್ಲಿ ಮುಳುಗಿದ್ದು 1920ರ ದಶಕದಲ್ಲಿ. ರಂಗದ ಮೇಲೆ ಅತ್ತರು ಸಿಂಪಡಿಸಬೇಕು, ಒಡವೆ ಅಸಲಿಯೇ ಆಗಬೇಕು, ಊಟದ ಪಂಕ್ತಿಯಲ್ಲಿ ಯಾವುದಕ್ಕೂ ಕೊರತೆ ಆಗಬಾರದು ಎಂಬ ದರ್ಬಾರಿ ಖರ್ಚು ಅದು. ಗೋಹರ್‌ಬಾಯಿ ಬಂದದ್ದು 1930ರ ದಶಕದ ಕೊನೆಗೆ. ಅಷ್ಟರಲ್ಲಿ ಸಿನಿಮಾ ಬಂದಿತ್ತು, ಹೆಂಗಸರು ರಂಗಕ್ಕೆ ಬಂದಿದ್ದರು, ಬಾಲಗಂಧರ್ವರಿಗೆ ಐವತ್ತು ತುಂಬಲು ಬಂದಿತ್ತು. ಬೀಳಗಿಯ ಹೆಣ್ಣುಮಗಳು ಹೆಣ್ಣಿನ ಪಾತ್ರಗಳನ್ನು ವಹಿಸಿಕೊಂಡರು. ಅವರಿಬ್ಬರು ಒಟ್ಟಿಗೆ ಬಾಳಿದರು, ಮುಂದೆ ಮದುವೆಯೂ ಆದರು. ಕಾಲುಗಳ ಸ್ವಾಧೀನ ತಪ್ಪಿದ ಮುದಿ ನಟನ ಜೊತೆಗಿದ್ದವರು ಆಕೆಯೇ. ಲೆಕ್ಕ ಇಷ್ಟು ಸರಳ. ಹತ್ತು-ಹದಿನೈದು ವರ್ಷ ಮೊದಲು ಆದ ಸಾಲವನ್ನು ಆಮೇಲೆ ಬಂದ ಹೆಂಗಸಿನ ತಲೆಗೆ ಕಟ್ಟಿದರು. ಮುಸ್ಲಿಂ ಗಾಯಕಿ, ಕಾನಡಿ ಹೆಂಗಸು, ಅವನು ಬ್ರಾಹ್ಮಣ. ಇಷ್ಟಿದ್ದ ಮೇಲೆ ಲೆಕ್ಕ ಯಾರಿಗೆ ಬೇಕು?

ಒಂದು ಮಾತು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಬಾಲಗಂಧರ್ವ ಸಲಿಂಗಪ್ರೇಮಿ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವೂ ಇಲ್ಲ. ಸೀರೆ ಉಟ್ಟು ಪಾತ್ರ ಮಾಡಿದವರನ್ನೆಲ್ಲ ಒಂದೇ ಬುಟ್ಟಿಗೆ ಹಾಕುವುದು ನಮ್ಮ ಸೋಮಾರಿತನ. ನನಗೆ ಬೇಕಾಗಿರುವುದು ಬೇರೆ ಸಂಗತಿ. ಖ್ಯಾತಿ, ಮೋಹ, ಸಾಲ, ಹಗರಣ ಎಲ್ಲವೂ ಇದ್ದ ಆ ಬದುಕಿನ ಕಥೆಯನ್ನು ಊರವರು ಹೇಳಿದರು, ನಾಟಕಕಾರರು ಹೇಳಿದರು, ಸಿನಿಮಾದವರು ಹೇಳಿದರು. ಗೋಹರ್‌ಬಾಯಿಯ ಬಾಯಿಂದ ಬಂದ ಕಥೆ ನಮ್ಮ ಕೈಗೆ ಬರಲಿಲ್ಲ. ನಟನಟಿಯರ ತಪ್ಪುಗಳ ಬಗ್ಗೆ ನಮ್ಮಲ್ಲಿ ಮಾತಿಗೆ ಎಂದೂ ಬರ ಬಂದಿಲ್ಲ. ಆ ತಪ್ಪುಗಳನ್ನು ಮಾಡಿದವರೇ, ತಮ್ಮದೇ ಧಾಟಿಯಲ್ಲಿ, ಬೇಕಾದರೆ ನಗುತ್ತ ಹೇಳುವ ಪುಸ್ತಕಕ್ಕೆ ಮಾತ್ರ ಬರ.

ಇಂಗ್ಲೆಂಡಿನ ನಟ ರೂಪರ್ಟ್ ಎವರೆಟ್ 2006ರಲ್ಲಿ ಅಂಥ ಪುಸ್ತಕ ಬರೆದ. ‘ರೆಡ್ ಕಾರ್ಪೆಟ್ಸ್ ಅಂಡ್ ಅದರ್ ಬನಾನಾ ಸ್ಕಿನ್ಸ್’. ಹೆಸರಲ್ಲೇ ಕೆಂಪು ಹಾಸಿನ ಜೊತೆ ಜಾರಿ ಬೀಳಿಸುವ ಬಾಳೆಹಣ್ಣಿನ ಸಿಪ್ಪೆ ಇದೆ. 1984ರ ‘ಅನದರ್ ಕಂಟ್ರಿ’ಯಲ್ಲಿ ಸಲಿಂಗಪ್ರೇಮಿ ಶಾಲಾಹುಡುಗನ ಪಾತ್ರ ಮಾಡಿ ಮೇಲೆ ಬಂದವನು, ತಾನು ಗೇ ಎಂದು ಬಹಿರಂಗವಾಗಿ ಹೇಳಿಕೊಂಡವನು, 1997ರಲ್ಲಿ ಜೂಲಿಯಾ ರಾಬರ್ಟ್ಸ್ ಜೊತೆಗಿನ ಚಿತ್ರದಿಂದ ಮತ್ತೆ ಮಿಂಚಿದವನು, ಆಮೇಲೆ ಹಾಲಿವುಡ್ ತನಗೆ ನಾಯಕನ ಪಾತ್ರ ಕೊಡಲಿಲ್ಲ ಎಂದು ಗೊಣಗಿದವನು. ಆತನ ಪುಸ್ತಕದಲ್ಲಿ ಕರುಣೆ ಬೇಡುವ ಪುಟಗಳು ಕಡಿಮೆ. ಶಾಲೆಯಿಂದ ಹಿಡಿದು ಪ್ಯಾರಿಸ್ಸಿನ ರಾತ್ರಿಗಳವರೆಗೆ, ತಾನು ಎಷ್ಟು ಸೊಕ್ಕಿನವನು, ಸುಳ್ಳುಗಾರ, ಸ್ವಾರ್ಥಿ, ಯಾರ ಯಾರ ಮನೆಯಲ್ಲಿ ಹೇಗೆ ಹೇಗೆ ನಡೆದುಕೊಂಡೆ ಎಂಬುದನ್ನೇ ಚಪ್ಪರಿಸಿಕೊಂಡು ಹೇಳುತ್ತಾನೆ. ಪೌಲಾ ಯೇಟ್ಸ್ ಎಂಬ ವಿವಾಹಿತೆಯ ಜೊತೆ ವರ್ಷಗಟ್ಟಲೆ ಸಂಬಂಧ ಇತ್ತು ಎಂದೂ ಹೇಳುತ್ತಾನೆ. ಗೇ ಎಂದ ಮೇಲೆ ಇದೆಂಥದು ಎಂದು ಹುಬ್ಬೇರಿಸಿದವರಿಗೆ ಆತ ಸಮಜಾಯಿಷಿ ಕೊಡಲು ಹೋಗುವುದಿಲ್ಲ.

ಅವನಿಗಿಂತ ಎರಡು ತಲೆಮಾರು ಹಿಂದಿನ ಜಾನ್ ಗೀಲ್ಗುಡ್ ನೋಡಿ. 1953ರಲ್ಲಿ ‘ಸರ್’ ಬಿರುದು ಸಿಕ್ಕಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನ ಸಾರ್ವಜನಿಕ ಶೌಚಾಲಯವೊಂದರಲ್ಲಿ ಪೊಲೀಸರು ಹಿಡಿದರು, ಹತ್ತು ಪೌಂಡ್ ದಂಡ ಬಿತ್ತು, ಪತ್ರಿಕೆಗಳಲ್ಲಿ ಸುದ್ದಿ ಬಂತು. ಕೆಲವು ದಿನಗಳ ಮೇಲೆ ಲಿವರ್‌ಪೂಲಿನಲ್ಲಿ ನಡುಗುತ್ತ ರಂಗಕ್ಕೆ ಬಂದಾಗ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ಹೊಡೆದರು. ಇಷ್ಟೊಳ್ಳೆಯ ಪ್ರಸಂಗ ಯಾವ ಆತ್ಮಕಥೆಗೆ ಬೇಡ? 1979ರಲ್ಲಿ ನೆನಪುಗಳ ಪುಸ್ತಕ ತಂದಾಗ ಗೀಲ್ಗುಡ್ ಆ ರಾತ್ರಿಯನ್ನು ಬಿಟ್ಟುಬಿಟ್ಟರು. ಇಂಗ್ಲೆಂಡಿನ ಕಾನೂನು 1967ರಲ್ಲೇ ಬದಲಾಗಿತ್ತು. ಮನುಷ್ಯನ ಒಳಗಿನ ಪೊಲೀಸ್ ಠಾಣೆ ಅಷ್ಟು ಬೇಗ ಮುಚ್ಚುವುದಿಲ್ಲ. ಅವರು ಮುಚ್ಚಿಟ್ಟದ್ದನ್ನು ನಾನು ತಪ್ಪೆನ್ನಲಾರೆ. ಅವರ ಮೌನದಿಂದ ಎವರೆಟ್‌ನ ಲಂಗುಲಗಾಮಿಲ್ಲದ ಮಾತಿಗೆ ಬರಲು ಒಂದು ಸಮಾಜಕ್ಕೆ ಎಷ್ಟು ಕಾಲ ಹಿಡಿಯಿತು ಎಂಬುದಷ್ಟೇ ಇಲ್ಲಿ ಮುಖ್ಯ.

ಈಗ ನಮ್ಮ ಕಡೆ ಬರೋಣ. ಕನ್ನಡದಲ್ಲಿ ತುಂಟ ಆತ್ಮಕಥೆಗಳೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಲಂಕೇಶರ ‘ಹುಳಿಮಾವಿನ ಮರ’ ಇದೆ, ಅನಂತಮೂರ್ತಿಯವರ ‘ಸುರಗಿ’ ಇದೆ. ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ವನ್ನು ಧಾರವಾಡದ ಮನೋಹರ ಗ್ರಂಥಮಾಲೆ 2011ರಲ್ಲಿ ತಂದಿತು. ಕಾರ್ನಾಡರು ಅದರಲ್ಲಿ ತಮ್ಮ ಪ್ರೇಮಗಳನ್ನು ಮಾತ್ರ ಹೇಳಲಿಲ್ಲ. ವಿಧವೆಯಾಗಿದ್ದ ತಾಯಿ, ಡಾಕ್ಟರಾಗಿದ್ದ ತಂದೆಯ ಜೊತೆ ಮದುವೆಗೆ ಮೊದಲೇ ಕೆಲವು ವರ್ಷ ಇದ್ದದ್ದನ್ನು ಹೇಳಿದರು. ತಮ್ಮನ್ನು ಗರ್ಭದಲ್ಲೇ ತೆಗೆಸಲು ಹೋದಾಗ ಡಾಕ್ಟರು ಆ ಹೊತ್ತಿಗೆ ಆಸ್ಪತ್ರೆಗೆ ಬಾರದೆ ಇದ್ದುದರಿಂದ ತಾವು ಹುಟ್ಟಿದ್ದನ್ನೂ ಹೇಳಿ, ಆ ಡಾಕ್ಟರರಿಗೇ ಪುಸ್ತಕ ಅರ್ಪಿಸಿದರು! ಓದುಗರು ನಕ್ಕರು, ಮೆಚ್ಚಿದರು, ಪುಸ್ತಕ ಕೈಯಿಂದ ಕೈಗೆ ಹೋಯಿತು. ಯಾರೂ ‘ಪಾಪ’ ಎನ್ನಲಿಲ್ಲ. ಇದು ಸಣ್ಣ ಸಂಗತಿಯೇನಲ್ಲ. ಹೆಂಗಸರನ್ನು ಪ್ರೀತಿಸಿದ, ಪದವಿ-ಪ್ರಶಸ್ತಿ ಇರುವ ಗಂಡಸು ಕನ್ನಡದಲ್ಲಿ ತನ್ನ ಎಡವಟ್ಟುಗಳನ್ನು ಹೇಳಿಕೊಂಡರೆ ಅದಕ್ಕೆ ಪ್ರಾಮಾಣಿಕತೆ ಎನ್ನುತ್ತೇವೆ.

ಹಾಗಾದರೆ ಗಂಡಸನ್ನು ಪ್ರೀತಿಸಿದ ಗಂಡಸು? ಗಂಡಾಗಿ ಹುಟ್ಟಿ ಹೆಣ್ಣಾದವಳು? ಅವರ ಪುಸ್ತಕಗಳೂ ಈಗ ಕನ್ನಡದಲ್ಲಿವೆ, ಸುದೈವ. ಎ. ರೇವತಿಯವರ ‘ಬದುಕು ಬಯಲು’ ಇದೆ. ದು. ಸರಸ್ವತಿ ಅದನ್ನು ಕನ್ನಡಕ್ಕೆ ತಂದರು, ಜನಮನದಾಟ ತಂಡದವರು ನಾಟಕವಾಗಿ ಊರೂರಿಗೆ ಒಯ್ದರು. ಮಂಜಮ್ಮ ಜೋಗತಿಯವರ ಕಥನವನ್ನು ಅರುಣ್ ಜೋಳದಕೂಡ್ಲಿಗಿ ‘ನಡುವೆ ಸುಳಿವ ಹೆಣ್ಣು’ ಎಂದು ನಿರೂಪಿಸಿದರು. ಕಥೆಯ ರೂಪದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂತು. ಅದನ್ನು ಇಂಗ್ಲಿಷಿಗೆ ತಂದವರು ರಶ್ಮಿ ತೇರದಾಳ. ನಮ್ಮ ಕಡೆಯ ಊರಿನ ಹೆಸರು ಹೊತ್ತ ಅಡ್ಡಹೆಸರು ಆ ಪುಸ್ತಕದ ಮೇಲೆ ಕಂಡಾಗ ಒಳಗೊಳಗೇ ಖುಷಿಯಾಗುತ್ತದೆ. 2013ರ ಡಿಸೆಂಬರಿನಲ್ಲೇ ಸುಪ್ರೀಂ ಕೋರ್ಟು, ಸಲಿಂಗ ಸಂಬಂಧಕ್ಕೆ 2009ರಲ್ಲಿ ದಿಲ್ಲಿ ಹೈಕೋರ್ಟು ಕೊಟ್ಟ ಬಿಡುಗಡೆಯನ್ನು ತಿರುಗಿ ಕಸಿದುಕೊಂಡಿತು ಎಂಬುದನ್ನೂ ನೆನೆಯಬೇಕು. ಕಾನೂನು ಅಪರಾಧ ಎನ್ನುತ್ತಿದ್ದಾಗ ಒಬ್ಬ ಕನ್ನಡದ ಲೇಖಕ ಹೆಸರು ಹಾಕಿ ನಿಂತರು.

ಈ ಪುಸ್ತಕಗಳ ಮೇಲೆ ನನಗೆ ಗೌರವ ಇದೆ. ನನ್ನ ತಕರಾರು ಇರುವುದು ನಾವು ಅವನ್ನು ಓದುವ ರೀತಿಯ ಮೇಲೆ. ಮಂಜಮ್ಮನವರ ಬಗ್ಗೆ ಪತ್ರಿಕೆಗಳಲ್ಲಿ ಬಂದ ಲೇಖನಗಳನ್ನು ಜೋಡಿಸಿಟ್ಟು ನೋಡಿ. ಮನೆಯಿಂದ ದೂರವಾದದ್ದು, ವಿಷ ಕುಡಿದದ್ದು, ಅತ್ಯಾಚಾರಕ್ಕೆ ಒಳಗಾದದ್ದು, ಇಡ್ಲಿ ಮಾರಿದ್ದು, ಆಮೇಲೆ ಪದ್ಮಶ್ರೀ. ಎಲ್ಲವೂ ನಿಜ. ದಾವಣಗೆರೆ ಬಸ್ ನಿಲ್ದಾಣದಲ್ಲಿ ತಂದೆ ಹಾಡುತ್ತ ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುವುದನ್ನು ನೋಡಿ ಅವರ ಬೆನ್ನು ಹತ್ತಿದ್ದು, ಕಾಳವ್ವ ಜೋಗತಿಯ ಬಳಿ ಪಳಗಿದ್ದು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದದ್ದು ಕೂಡ ನಿಜ. ಆದರೆ ಅವರ ಮಾತು ಎದುರಿಗೆ ಕೂತು ಕೇಳಿದವರಿಗೆ ಇನ್ನೊಂದು ಗೊತ್ತು. ಆ ಹೆಂಗಸು ಸಭೆಯನ್ನು ನಗಿಸಿ ನಗಿಸಿ ಸುಸ್ತು ಮಾಡಬಲ್ಲರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಳ್ಳುವ ಮುನ್ನ ಸೆರಗು ಹಿಡಿದು ರಾಮನಾಥ ಕೋವಿಂದರಿಗೆ ದೃಷ್ಟಿ ತೆಗೆದರಲ್ಲ, ಅದನ್ನು ಟೀವಿಯವರು ಭಕ್ತಿಯ, ಆಶೀರ್ವಾದದ ಗಳಿಗೆ ಎಂದು ತೋರಿಸಿದರು. ಹೌದು, ಆಶೀರ್ವಾದವೇ. ನನಗೆ ಅದರಲ್ಲಿ ಬಣ್ಣದವರ ಗತ್ತೂ ಕಂಡಿತು. ದೇಶದ ಅತಿ ದೊಡ್ಡ ದರ್ಬಾರಿನಲ್ಲಿ, ಶಿಷ್ಟಾಚಾರದ ಪುಸ್ತಕದಲ್ಲಿ ಇಲ್ಲದ ಒಂದು ಪ್ರವೇಶ. ಎರಡು ಕ್ಷಣ ರಾಷ್ಟ್ರಪತಿಗಳೇ ಪ್ರೇಕ್ಷಕರಾದರು. ಅಷ್ಟು ಚೆಲುವಾದ ಕಿಡಿಗೇಡಿತನವನ್ನು ನಾವು ಕಣ್ಣೀರು ಒರೆಸಿಕೊಳ್ಳುತ್ತ ನೋಡಿದೆವು!

ನನ್ನ ವಾದ ಇಷ್ಟೇ. ಲೈಂಗಿಕ ಅಲ್ಪಸಂಖ್ಯಾತರಿಗೆ ನಾವು ಗೋಳು ಹೇಳಿಕೊಳ್ಳುವ ಪರವಾನಗಿ ಕೊಟ್ಟಿದ್ದೇವೆ, ತುಂಟತನದ್ದು ಕೊಟ್ಟಿಲ್ಲ. ಅತ್ತರೆ ಒಳಗೆ ಕರೆಯುತ್ತೇವೆ. ನಕ್ಕರೆ, ಸೊಕ್ಕಿದರೆ, ‘ನಾನೂ ಕೆಟ್ಟದ್ದು ಮಾಡಿದೆ, ಮಜಾ ಮಾಡಿದೆ’ ಎಂದರೆ ‘ನೋಡಿದ್ರ್ಯಾ, ನಾವು ಹೇಳಿದ್ದೇ ಖರೆ’ ಎಂದು ಬಾಗಿಲು ಹಾಕುತ್ತೇವೆ. ಕಾರ್ನಾಡರ ತಪ್ಪು ಕಾರ್ನಾಡರದು ಮಾತ್ರ. ಸಲಿಂಗಪ್ರೇಮಿ ನಟನೊಬ್ಬನ ತಪ್ಪು ಇಡೀ ಜಾತಿಯದು. ತನ್ನ ದುರ್ನಡತೆ ತನ್ನೊಬ್ಬನದೇ ಆಗಿರುವುದು ಒಂದು ಹಕ್ಕು. ಬಹುಸಂಖ್ಯಾತರಿಗೆ ಅದು ಹುಟ್ಟಿನಿಂದ ಬಂದಿರುತ್ತದೆ, ಹಾಗಾಗಿ ಕಾಣುವುದಿಲ್ಲ.

‘ನಮ್ಮ ಸೀಮೆಯಲ್ಲಿ ಇದೆಲ್ಲ ಮೊದಲಿಂದ ಇತ್ತು, ಜನ ಹೊಂದಿಕೊಂಡು ಹೋಗುತ್ತಿದ್ದರು, ಪುಸ್ತಕ ಬರೆದು ಡಂಗುರ ಹೊಡೆಯುವ ಚಟ ಹೊರಗಿನದು’ ಎಂದು ತಿಳಿದವರೇ ಹೇಳುವುದುಂಟು. ಇದು ಹಗುರಾದ ಮಾತಲ್ಲ. ಜಮಖಂಡಿ, ಮುಧೋಳದ ಹಳ್ಳಿಗಳಲ್ಲಿ ಶ್ರೀಕೃಷ್ಣ ಪಾರಿಜಾತ ನೋಡಿ ಬೆಳೆದವರಿಗೆ ಅದರ ಅರ್ಥ ಗೊತ್ತು. ಕುಲಗೋಡ ತಮ್ಮಣ್ಣ ಪ್ರಚಾರಕ್ಕೆ ತಂದ ಆ ಆಟಕ್ಕೆ ಈ ಕೃಷ್ಣೆ-ಘಟಪ್ರಭೆಯ ದಂಡೆಗಳೇ ತವರು. ಕೌಜಲಗಿ ನಿಂಗಮ್ಮನಂಥವರು ರಂಗಕ್ಕೆ ಬರುವವರೆಗೆ, ಬಂದ ಮೇಲೆಯೂ ಎಷ್ಟೋ ಮೇಳಗಳಲ್ಲಿ, ಸತ್ಯಭಾಮೆ-ರುಕ್ಮಿಣಿಯರು ಗಂಡಸರೇ. ಜಾತ್ರೆಯ ನಡುರಾತ್ರಿ ಸ್ಟೇಜಿನ ಹಿಂದೆ ಹೋದರೆ ಕಾಣುತ್ತಿತ್ತು: ಭಾಮೆ ಇಳಕಲ್ ಸೀರೆಯ ನಿರಿಗೆಯನ್ನು ಮೊಣಕಾಲವರೆಗೆ ಎತ್ತಿ ಸಿಕ್ಕಿಸಿ, ಜಡೆಯನ್ನು ಹೆಗಲ ಮೇಲೆ ಎಳೆದುಕೊಂಡು, ಬೀಡಿ ಸೇದುತ್ತ ಬಸ್ಸಿಯಲ್ಲಿ ಚಹಾ ಆರಿಸುತ್ತಿರುತ್ತಾನೆ. ಹಾರ್ಮೋನಿಯಂ ಪೆಟ್ಟಿಗೆಯವ ಸ್ವರ ಹಿಡಿದದ್ದೇ ತಡ, ಬೀಡಿ ಕಾಲಡಿಗೆ, ನಿರಿಗೆ ಕೆಳಗೆ, ಕೊರಳು ಓರೆ. ಎದ್ದು ಹೋಗುವುದು ಬೇರೆಯದೇ ಜೀವ. ಮುಂದಿನ ಸಾಲಿನ ಗೌಡರು ಆಯಾರ ಹಾಕುತ್ತಾರೆ, ಮೈಕಿನಲ್ಲಿ ಅವರ ಹೆಸರು ಕೂಗುತ್ತಾರೆ. ‘ಏನ್ ಪಾರ್ಟ್ ಮಾಡ್ತಾನ್ರಿ, ಹೆಣಮಕ್ಕಳೂ ನಾಚಬೇಕು’ ಎನ್ನುವುದು ಹೊಗಳಿಕೆ. ಅದೇ ಮನುಷ್ಯ ಮರುದಿನ ಸಂತೆಯಲ್ಲಿ ಅದೇ ನಡಿಗೆಯಲ್ಲಿ ನಡೆದರೆ ಹುಡುಗರು ಹಿಂದೆ ಬಿದ್ದು ಸಿಳ್ಳೆ ಹೊಡೆಯುತ್ತಾರೆ.

ಜೋಗಪ್ಪಗಳದ್ದೂ ಇದೇ ಕಥೆ. ಮಂಗಳವಾರ, ಶುಕ್ರವಾರ ಎಲ್ಲಮ್ಮನ ಕೊಡ ಹೊತ್ತು ಚೌಡಿಕೆ ಬಾರಿಸುತ್ತ ಬಂದರೆ ಮನೆಯವ್ವ ಮೊರದಲ್ಲಿ ಜೋಳ ತಂದು ಹಾಕುತ್ತಾಳೆ, ಹಣೆಗೆ ಭಂಡಾರ ಹಚ್ಚಿಸಿಕೊಂಡು ಕಾಲಿಗೂ ಬೀಳುತ್ತಾಳೆ. ಅದೇ ಮನೆಯ ಮಗ ನಾಳೆ ಸೀರೆ ಕೇಳಿದರೆ? ಮೊದಲು ಹೊಡೆತ, ಆಮೇಲೆ ಮಠ, ಆಮೇಲೆ ಡಾಕ್ಟರು, ಕೊನೆಗೆ ‘ಅವ್ವನ ಕಾಟ ಅದ’ ಎಂಬ ಸಮಾಧಾನ. ದೇವಿ ಬಂದು ಹಿಡಿದಳು ಎಂದಾದರೆ ಊರು ಒಪ್ಪಿಕೊಳ್ಳುತ್ತದೆ, ತನಗೇ ಬೇಕಾಯಿತು ಎಂದರೆ ಒಪ್ಪುವುದಿಲ್ಲ. ನಮ್ಮ ಪರಂಪರೆಯಲ್ಲಿ ಜಾಗ ಇತ್ತು ನಿಜ. ಆ ಜಾಗಕ್ಕೆ ಎರಡೇ ಬಾಗಿಲು, ಒಂದು ಬಣ್ಣದ್ದು, ಇನ್ನೊಂದು ದೇವಿಯದ್ದು. ಅಭಿನಯಿಸುತ್ತಿರಬೇಕು, ಇಲ್ಲವೇ ಹರಕೆ ಹೊತ್ತಿರಬೇಕು. ಹರಕೆಯ ಬಾಗಿಲಿನಲ್ಲಿ ಇನ್ನೊಂದು ತೊಡಕೂ ಇದೆ. ದೇವದಾಸಿಯಾಗಿ ಮುತ್ತು ಕಟ್ಟಿಸುವ ಪದ್ಧತಿ ಬಡ ದಲಿತ ಹೆಣ್ಣುಮಕ್ಕಳನ್ನು ಹುರಿದು ಮುಕ್ಕಿದ ಜಿಲ್ಲೆಗಳಿವು. 1982ರಲ್ಲಿ ಕಾನೂನು ಮಾಡಿ ಅದನ್ನು ನಿಷೇಧಿಸಬೇಕಾಯಿತು. ಅದೇ ದೇವಿಯ ಹೆಸರಿನ ಇನ್ನೊಂದು ಕೋಣೆಯನ್ನು ‘ನಮ್ಮವರ ಸಹಿಷ್ಣುತೆ’ ಎಂದು ಅಲಂಕರಿಸುವಾಗ ಸ್ವಲ್ಪ ಎಚ್ಚರ ಇರಲಿ.

ಬನಹಟ್ಟಿಯಲ್ಲಿ ಪವರ್‌ಲೂಮಿನ ಮುಂದೆ ರಾತ್ರಿ ಪಾಳಿ ಮಾಡುವ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಅವನಿಗೆ ಬಣ್ಣ ಹಚ್ಚಲು ಬಾರದು, ಮೈಮೇಲೆ ಯಾವ ಅವ್ವನೂ ಬಂದಿಲ್ಲ, ಸೀರೆ ಉಡುವ ಆಸೆಯೂ ಇಲ್ಲ. ಪಕ್ಕದ ಮಗ್ಗದವನ ಮೇಲೆ ಮನಸ್ಸಾಗಿದೆ, ಅಷ್ಟೆ. ಪರಂಪರೆಯ ಎರಡು ಬಾಗಿಲುಗಳಲ್ಲಿ ಅವನು ಯಾವುದನ್ನು ತಟ್ಟಬೇಕು? ಮನೆಯವರು ಅವನಿಗೆ ಮೂರನೆಯ ಬಾಗಿಲು ತೆರೆಯುತ್ತಾರೆ: ಅಕ್ಕನ ಮಗಳು. ‘ಲಗ್ನಾದ್ರ ಎಲ್ಲಾ ಸರಿ ಹೋಗ್ತದ’ ಎಂಬ ಔಷಧಿ ನಮ್ಮಲ್ಲಿ ಎಲ್ಲ ಬೇನೆಗೂ ಇದೆ. ಮುಂದೆ ಆ ಹುಡುಗಿ ಇಪ್ಪತ್ತು-ಮೂವತ್ತು ವರ್ಷ ತನ್ನಲ್ಲಿ ಏನು ಕಡಿಮೆ ಎಂದು ಹುಡುಕುತ್ತ ಉಪವಾಸ, ವ್ರತ ಹಿಡಿಯುತ್ತಾಳೆ. ಮಕ್ಕಳಾಗದಿದ್ದರೆ ಬಂಜೆ ಎನಿಸಿಕೊಳ್ಳುವವಳೂ ಅವಳೇ. ‘ಬಾಯಿ ಬಿಡದೆ ಹೊಂದಿಕೊಂಡು ಹೋಗುತ್ತಿದ್ದರು’ ಎಂದು ನಾವು ಮೆಚ್ಚುವ ಆ ಮೌನದ ಬೆಲೆ ಕಟ್ಟಿದವರು ಹೆಚ್ಚಾಗಿ ಹೆಂಗಸರು. ಗಂಡಸಿನ ಗುಟ್ಟು ಹೆಂಡತಿಯ ಕಳಂಕವಾಗುತ್ತದೆ. ಬೀಳಗಿಯ ಗೋಹರ್‌ಬಾಯಿಗೆ ಆದದ್ದೂ ಬೇರೆ ದಾರಿಯಲ್ಲಿ ಇದೇ. ಗಂಡಸಿನ ಖರ್ಚು ಹೆಂಗಸಿನ ಖಾತೆಗೆ ಹೋಯಿತು. ಹಾಗಾಗಿ ಮನ ಬಿಚ್ಚಿ ಬರೆದ ಆತ್ಮಕಥೆ ಬರೆದವನ ಎದೆಭಾರ ಇಳಿಸಲಿಕ್ಕೆ ಮಾತ್ರ ಎಂದು ನಾನು ತಿಳಿದಿಲ್ಲ. ಯಾರೋ ತಾಯಿ, ಯಾರೋ ಸೋದರಮಾವ ಅದನ್ನು ಓದಿ, ಅಥವಾ ಓದಿದವರಿಂದ ಕೇಳಿ, ಅಕ್ಕನ ಮಗಳ ಜಾತಕ ತೆಗೆಯುವ ಮುನ್ನ ಒಂದು ದಿನ ತಡೆದರೂ ಲಾಭವೇ.

ಹಾಗೆ ಓದಿಸಬೇಕಾದರೆ ಪುಸ್ತಕ ರುಚಿಯಾಗಿರಬೇಕು. ಗೋಳಿನ ಪುಸ್ತಕವನ್ನು ಜನ ಗೌರವಿಸಿ ಕಪಾಟಿನಲ್ಲಿಡುತ್ತಾರೆ, ಚಾಡಿಯ ಪುಸ್ತಕವನ್ನು ಬಸ್ಸಿನಲ್ಲಿ ಓದುತ್ತಾರೆ.

ಹಿಂದಿಯ ಕರಣ್ ಜೋಹರ್ 2017ರಲ್ಲಿ ತನ್ನ ಆತ್ಮಕಥೆಯಲ್ಲಿ ಈ ವಿಷಯದ ಹೊಸ್ತಿಲವರೆಗೆ ಬಂದು ನಿಂತರು. ಎಲ್ಲರಿಗೂ ಗೊತ್ತಿರುವುದನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಜೈಲಿಗೆ ಹಾಕುವ ದೇಶದಲ್ಲಿದ್ದೇನೆ ಎಂಬರ್ಥದ ಮಾತು. ಅಂದಿನ ಮಟ್ಟಿಗೆ ಆ ಅಂಜಿಕೆ ಸುಳ್ಳಲ್ಲ. ಬ್ರಿಟಿಷರು 1860ರಲ್ಲಿ ಬರೆದಿಟ್ಟ 377ನೇ ಕಲಮು ಆಗ ಜೀವಂತ ಇತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಂಬಂಧವನ್ನು ಅದರಿಂದ ಹೊರಗಿಟ್ಟಿತು. ಆ ಮೊಕದ್ದಮೆ ಇಂದಿಗೂ ಒಬ್ಬ ಭರತನಾಟ್ಯ ಕಲಾವಿದರ ಹೆಸರಿನಲ್ಲಿದೆ, ನವತೇಜ್ ಸಿಂಗ್ ಜೋಹರ್. ಬಣ್ಣ-ಗೆಜ್ಜೆಯ ಲೋಕದ ಒಬ್ಬರು ಕಾನೂನಿನ ಪುಸ್ತಕದಲ್ಲಿ ಹೆಸರು ಕೆತ್ತಿಸಿದರು. ಮದುವೆಯ ಹಕ್ಕಿನ ಪ್ರಶ್ನೆ ಬಂದಾಗ 2023ರ ಅಕ್ಟೋಬರಿನಲ್ಲಿ ಅದೇ ಕೋರ್ಟು ‘ಅದು ಶಾಸನಸಭೆಯ ಕೆಲಸ’ ಎಂದು ಕೈ ತೊಳೆದುಕೊಂಡಿತು. ಏನೇ ಆಗಲಿ, ಜೈಲಿನ ನೆಪ ಈಗ ಇಲ್ಲ. ಕನ್ನಡ ಸಿನಿಮಾದ ವಿಷಯಕ್ಕೆ ಬಂದರೆ, ‘ನಾನು ಅವನಲ್ಲ ಅವಳು’ ಚಿತ್ರದಲ್ಲಿ ಲಿವಿಂಗ್ ಸ್ಮೈಲ್ ವಿದ್ಯಾರ ಬದುಕನ್ನು ಅಭಿನಯಿಸಿದ ಸಂಚಾರಿ ವಿಜಯ್‌ಗೆ ರಾಷ್ಟ್ರಪ್ರಶಸ್ತಿಯೇ ಬಂತು. ಅಭಿನಯಕ್ಕೆ ಮಾನ ಇದೆ. ಅಭಿನಯ ಮುಗಿಸಿ ಮೇಕಪ್ ಒರೆಸಿ ‘ಇದು ನಾನೇ’ ಎನ್ನುವವರಿಗೆ ಇನ್ನೂ ಅಷ್ಟು ಮಾನ ಇಲ್ಲ.

ತುಂಟತನದ ಹಕ್ಕು ಎಂದಾಗ ಎರಡು ಗಟ್ಟಿಯಾದ ಆಕ್ಷೇಪಣೆಗಳು ಏಳುತ್ತವೆ. ಮೊದಲನೆಯದಕ್ಕೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ಆತ್ಮಕಥೆಯಲ್ಲಿ ಬರೆದವನೊಬ್ಬನೇ ಬತ್ತಲಾಗುವುದಿಲ್ಲ. ಎವರೆಟ್ ಪೌಲಾ ಯೇಟ್ಸ್ ಬಗ್ಗೆ ಬರೆಯುವಾಗ ಆಕೆ ತೀರಿಕೊಂಡು ಆರು ವರ್ಷವಾಗಿತ್ತು. ಹೌದು-ಅಲ್ಲ ಎನ್ನಲು ಆಕೆ ಇರಲಿಲ್ಲ. ಪ್ರೇಮವೇ ಅಪವಾದವಾಗಿರುವ ಕಡೆ ಇನ್ನೊಬ್ಬನ ಹೆಸರು ಬರೆಯುವುದೆಂದರೆ ಅವನ ನೌಕರಿ, ಸಂಸಾರ, ಕೆಲವೊಮ್ಮೆ ಜೀವವನ್ನೇ ಪಣಕ್ಕೆ ಇಟ್ಟಂತೆ. ಲಂಡನ್ನಿನಲ್ಲಿ ಹೆಸರು ಬಯಲಾದವನು ಬೇರೆ ಬೀದಿಗೆ ಹೋಗಿ ಮನೆ ಮಾಡುತ್ತಾನೆ, ರಬಕವಿಯಲ್ಲಿ ಬೇರೆ ಬೀದಿಯೂ ಅವೇ ಬೀಗರದು. ಹಾಗಾಗಿ ನಮ್ಮ ಕಡೆಯ ಲೇಖಕನಿಗೆ ಎವರೆಟ್‌ಗಿಂತ ಹೆಚ್ಚಿನ ಹೊಣೆ ಇದೆ. ತನ್ನ ಲಂಗೋಟಿ ಬಿಚ್ಚುವ ಹಕ್ಕು ತನಗೆ ಪೂರ್ತಿ ಇದೆ, ಪಕ್ಕದವನದಕ್ಕೆ ಕೈ ಹಾಕುವ ಹಕ್ಕು ಇಲ್ಲ. ಹೆಸರು, ಊರು, ಮನೆತನ ಬದಲಿಸಿದರೆ ಸತ್ಯ ಸ್ವಲ್ಪ ಸೊರಗಬಹುದು. ಸೊರಗಲಿ.

ಎರಡನೆಯದು ದುರ್ನಡತೆಗೂ ದೌರ್ಜನ್ಯಕ್ಕೂ ಇರುವ ಗೆರೆ. 2017ರಲ್ಲಿ ಹಾಲಿವುಡ್ ನಟ ಕೆವಿನ್ ಸ್ಪೇಸಿಯ ಮೇಲೆ, ಹಿಂದೊಮ್ಮೆ ಹದಿನಾಲ್ಕರ ಹುಡುಗನ ಮೈಮೇಲೆ ಹೋದ ಆರೋಪ ಬಂತು. ಆತ ಕೊಟ್ಟ ಉತ್ತರದಲ್ಲೇ ತಾನು ಗೇ ಎಂಬ ಘೋಷಣೆಯನ್ನೂ ಸೇರಿಸಿದ. ಆ ದಾವೆಯಲ್ಲಿ ತೀರ್ಪು ಮುಂದೆ ಅವನ ಕಡೆಗೇ ಆಯಿತು, ಅದು ಬೇರೆ ಮಾತು. ಆದರೆ ಆರೋಪದ ಎದುರಿಗೆ ಆ ಘೋಷಣೆಯನ್ನು ಗುರಾಣಿಯಂತೆ ಹಿಡಿದದ್ದಕ್ಕೆ ಹೆಚ್ಚು ಸಿಟ್ಟಾದವರು ಸಲಿಂಗಪ್ರೇಮಿಗಳೇ. ತಲೆಮಾರುಗಳ ಹೋರಾಟದಿಂದ ಗಳಿಸಿದ ಮಾತನ್ನು ಒಂದು ಸಂಜೆಯಲ್ಲಿ ಒತ್ತೆ ಇಟ್ಟ ಎಂಬ ಸಿಟ್ಟು. ನಮ್ಮ ಕಂಪನಿ ನಾಟಕಗಳ ಇತಿಹಾಸವನ್ನು ಈ ಕಣ್ಣಿನಿಂದ ಯಾರೂ ಸರಿಯಾಗಿ ನೋಡಿಲ್ಲ. ಹತ್ತು-ಹನ್ನೆರಡು ವರ್ಷದ ಗಂಡುಹುಡುಗರು ಹೆಣ್ಣು ಪಾರ್ಟಿಗೆಂದು ಕಂಪನಿ ಸೇರುತ್ತಿದ್ದರು. ಹೆತ್ತವರು ದೂರ, ಮಾಲೀಕನೇ ತಂದೆ, ಮಾಸ್ತರನೇ ದೇವರು. ಗಂಟಲು ಒಡೆಯುವವರೆಗೆ ಅವರ ಬೆಲೆ. ಆ ಬಿಡಾರಗಳ ರಾತ್ರಿಗಳಲ್ಲಿ ಪ್ರೀತಿ ಎಷ್ಟಿತ್ತು, ಬಲವಂತ ಎಷ್ಟಿತ್ತು? ಕಂಪನಿ ಕಾಲದ ನಟರ ನೆನಪುಗಳಲ್ಲಿ ಸೀನರಿ, ಕಲೆಕ್ಷನ್ನು, ಮಳೆಗೆ ನಿಂತುಹೋದ ಆಟ, ರೈಲಿನಲ್ಲಿ ಸಾಗಿಸಿದ ಸಾಮಾನು, ಸಾಲಗಾರರ ಕಾಟ ಎಲ್ಲ ಕಣ್ಣಿಗೆ ಕಟ್ಟುವಂತೆ ಬರುತ್ತದೆ. ಬಿಡಾರದ ದೀಪ ಆರಿದ ಮೇಲಿನ ಮಾತು ನನ್ನ ಓದಿಗೆ ಸಿಕ್ಕಿಲ್ಲ. ಅದನ್ನು ಹೇಳಬಲ್ಲವರಲ್ಲಿ ಬಹುಮಂದಿ ತೀರಿಹೋದರು. ಮನ ಬಿಚ್ಚಿ ಹೇಳುವುದಕ್ಕೆ ಅವಕಾಶ ಇಲ್ಲದ ಕಡೆ ಪ್ರೀತಿ, ಬಲವಂತ ಎರಡೂ ಒಂದೇ ಕಂಬಳಿಯ ಕೆಳಗೆ ಮಲಗಿರುತ್ತವೆ, ಯಾವುದು ಯಾವುದೆಂದು ಗುರುತಿಸಲು ಆಗುವುದಿಲ್ಲ. ತುಂಟತನವನ್ನು ಬಯಲಿಗೆ ಬಿಟ್ಟರೆ ದೌರ್ಜನ್ಯ ಕ್ಷಮೆ ಪಡೆದೀತು ಎಂದು ಹೆದರುವವರಿಗೆ ನಾನು ಹೇಳುವುದು ಇದನ್ನೇ: ಇಷ್ಟು ದಿನ ದೌರ್ಜನ್ಯ ಬಚಾವಾದದ್ದು ಎರಡಕ್ಕೂ ಸೇರಿಸಿ ಒಂದೇ ಮುಚ್ಚಳ ಹಾಕಿದ್ದರಿಂದ.

ಈ ಸೀಮೆಗೆ ನಾಟಕದ ಹುಚ್ಚು ನಿನ್ನೆ ಮೊನ್ನೆಯದಲ್ಲ. ಜಮಖಂಡಿಯ ಪಟವರ್ಧನರ ದಾಯಾದಿಗಳು ಆಳುತ್ತಿದ್ದ ಸಾಂಗಲಿಯಲ್ಲಿ, ಕರ್ನಾಟಕದಿಂದ ಹೋದ ಭಾಗವತರ ಆಟ ನೋಡಿ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಕಟ್ಟಿದರು. ಮರಾಠಿ ರಂಗಭೂಮಿ ಅಲ್ಲಿಂದ ಶುರು. ಸವದತ್ತಿ ಕಡೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ‘ಶಾಕುಂತಲ’ದಿಂದ ಸಂಗೀತ ನಾಟಕಕ್ಕೆ ಹೊಸ ದಾರಿ ಹಾಕಿದರು. ಅವರ ಹೆಸರಿನ ಕಂಪನಿಯಲ್ಲೇ ಬಾಲಗಂಧರ್ವ ಬೆಳೆದದ್ದು. ಗಡಿಯ ಈಚೆ-ಆಚೆ ಹೋಗಿ ಬಂದ ಇಷ್ಟೊಂದು ಬಣ್ಣ, ಇಷ್ಟೊಂದು ಸೀರೆ ಉಟ್ಟ ಗಂಡಸರು, ಇಷ್ಟೊಂದು ಹಗರಣ. ಅದರಲ್ಲಿ ಒಂದಾದರೂ ಪುಸ್ತಕ ಕಿಡಿಗೇಡಿಯ ಬಾಯಿಂದಲೇ ಬರಬೇಡವೆ?

ಬರುತ್ತದೆ ಎಂದೇ ನನ್ನ ಅಂದಾಜು. ಈಗ ಜಾತ್ರೆಗಳಲ್ಲಿ ನಾಟಕ ಮಾಡುವ ಹುಡುಗರ ಕೈಯಲ್ಲಿ ಮೊಬೈಲ್ ಇದೆ, ರೀಲ್ಸ್ ಮಾಡುತ್ತಾರೆ, ಗಂಡಸೇ ಸೊಸೆಯಾಗಿ ಅತ್ತೆಯಾಗಿ ಬೈದಾಡುವ ವಿಡಿಯೋಗಳನ್ನು ನಮ್ಮ ಮನೆಯ ಹೆಂಗಸರೇ ನಕ್ಕು ನಕ್ಕು ಹಂಚಿಕೊಳ್ಳುತ್ತಾರೆ. ಅವರಲ್ಲೊಬ್ಬ ನಾಳೆ ಜಮಖಂಡಿ ಕಡೆಯ ಮಾತಿನಲ್ಲೇ, ‘ಕಾಡುವ’, ‘ಮಿಡಿಯುವ’ ಎಂಬ ವಿಶೇಷಣಗಳಿಲ್ಲದೆ, ತಾನು ಯಾರಿಗೆ ಹೇಗೆ ಟೋಪಿ ಹಾಕಿದೆ, ಯಾರ ಹಿಂದೆ ಹೇಗೆ ಸುತ್ತಿದೆ, ಹೆಸರು ಬಂದ ಮೇಲೆ ಹಳೆಯ ಗೆಳೆಯನ ಫೋನು ಹೇಗೆ ಎತ್ತಲಿಲ್ಲ ಎಂದು ಬರೆದು ತರಬಹುದು. ಪ್ರಕಾಶಕರು ಆಗ ಹೋಗಬಾರದ ದಾರಿ ಒಂದಿದೆ. ಹಸ್ತಪ್ರತಿಯಲ್ಲಿರುವ ಜೋಕುಗಳನ್ನು ತೆಗೆದು, ತಾಯಿ ಅತ್ತ ಪ್ರಸಂಗವನ್ನು ಮೊದಲ ಅಧ್ಯಾಯಕ್ಕೆ ತಂದು, ಯಾರಾದರೂ ದೊಡ್ಡವರಿಂದ ‘ಸಮಾಜದ ಕಣ್ಣು ತೆರೆಸುವ ಕೃತಿ’ ಎಂದು ಮುನ್ನುಡಿ ಬರೆಸುವುದು. ಅದಕ್ಕೆ ಬದಲು ಒಬ್ಬ ವಕೀಲರನ್ನು ಕೂರಿಸಿಕೊಂಡು ಬೇರೆಯವರ ಹೆಸರುಗಳನ್ನು ಒಂದೊಂದಾಗಿ ತೆಗೆಯಲಿ, ಜೋಕುಗಳನ್ನು ಮುಟ್ಟದಿರಲಿ. ಮುನ್ನುಡಿ ಬೇಕೇ ಬೇಕೆಂದರೆ ಮಂಜಮ್ಮನವರನ್ನು ಕೇಳಲಿ, ನಗಿಸುವುದು ಅವರಿಗೆ ಗೊತ್ತು.